ತೋಟದ ಮನೆಗೆ ಬೀಗ ಹಾಕೋ ಮುಂಚೆ

ರೋಹಿಣಿ ಮುಗೀತಾ ಬಂತು, ಇನ್ನು ನಾಲ್ಕು ದಿನಕ್ಕೆ ಮೃಗಶಿರ. ಎಲ್ಲರೂ ಮೈಲುತುತ್ತ, ಸುಣ್ಣ ತರೋದ್ರಲ್ಲಿ, ಔಷಧಿ ಹೊಡೆಯೋರನ್ನ ಹುಡುಕೋದ್ರಲ್ಲಿ ಇದ್ದೀರಿ, ಗೊತ್ತು. ಆದರೂ ತೋಟದಲ್ಲಿ ಒಂದು ಮನೆ ಇಟ್ಟುಕೊಂಡೋರು ಇದನ್ನ ಓದಿ. ಹೋದ ವರ್ಷ ನಾನು ಮಾಡಿದ ತಪ್ಪು ಬರೀತಾ ಇದ್ದೀನಿ.

ನಮ್ಮ ತೋಟದ ಮನೆ ಅಪ್ಪ ಕಟ್ಟಿಸಿದ್ದು. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಹಿಂದುಗಡೆ ಎರಡಾಳೆತ್ತರದ ಧರೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಕೊಯ್ಲು, ಸುಲಿಯೋದು, ಬೇಯಿಸೋದು ಎಲ್ಲ ಅಲ್ಲೇ. ಕೆಲಸದವರೂ ಅಲ್ಲೇ ಇರ್ತಾರೆ. ಮಳೆ ಹಿಡಿದ ಮೇಲೆ ಬೀಗ.

ಹೋದ ಬೇಸಿಗೆಯಲ್ಲಿ ಅಡಿಕೆ ಒಣಗಿಸೋಕೆ ಜಾಗ ಸಾಲದು ಅಂತ ಜೆಸಿಬಿ ತರಿಸಿ ಧರೆಯನ್ನ ಮೂರಡಿ ಹಿಂದಕ್ಕೆ ಕಡಿಸಿದೆ. ಇಳಿಜಾರಾಗಿದ್ದ ಧರೆ ಗೋಡೆ ಹಾಗೆ ನೇರ ನಿಂತಿತು. ನೋಡೋಕೆ ಚೆನ್ನಾಗೇ ಇತ್ತು. ಅದರ ಮೈಮೇಲಿನ ಹುಲ್ಲು, ಬೇರು ಎಲ್ಲ ಹೋಯ್ತು. ಧರೆ ತಲೆ ಮೇಲೆ ಅಪ್ಪ ತೆಗೆಸಿದ್ದ ಚರಂಡಿ ದರಗಿನಿಂದ ಮುಚ್ಚಿಹೋಗಿತ್ತು. ಅದನ್ನ ಬಿಡಿಸೋ ಕೆಲಸ ನಾಳೆ ನಾಳೆ ಅಂತ ಹಾಗೇ ಉಳೀತು.

ಧೈರ್ಯ ಏನಪ್ಪಾ ಅಂದ್ರೆ, ಮನೆಗೆ ವಿಮೆ ಇತ್ತು. ಬೆಂಗಳೂರಲ್ಲಿರೋ ಮಗ ಮಾಡಿಸಿದ್ದ. ಭಾರತ್ ಗೃಹ ರಕ್ಷಾ ಅಂತ, 2021ರ ಏಪ್ರಿಲ್‌ನಿಂದ ಬಂದಿರೋದು. ಯಾವ ಕಂಪನಿಯಲ್ಲಿ ಮಾಡಿಸಿದರೂ ನಿಯಮ ಒಂದೇ. ಬೆಂಕಿ, ಸಿಡಿಲು, ಗಾಳಿ, ನೆರೆ, ಮರ ಬೀಳೋದು, ಭೂಕುಸಿತ, ಎಲ್ಲ ಅದರಲ್ಲಿದೆ. ನನ್ನ ಮನೆಗೆ ವರ್ಷಕ್ಕೆ ಸಾವಿರ ರೂಪಾಯಿಯೂ ಬೀಳಲಿಲ್ಲ. ಬೆಳೆ ವಿಮೆಗೆ ಗಡುವು ತಪ್ಪಿಸದೆ ಓಡ್ತೀವಿ, ನೂರಕ್ಕೆ 5ರಂತೆ ಕಟ್ತೀವಿ. ಮನೆಗೆ ಕಟ್ಟೋರು ನಮ್ಮ ಕಡೆ ಎಷ್ಟು ಜನ ಇದ್ದೀವಿ ಹೇಳಿ.

ಕೊಯ್ಲಿಗೆ ಬಂದಿದ್ದ ಒಬ್ಬ ಹುಡುಗ ಊರಿಗೆ ವಾಪಸ್ ಹೋಗಲಿಲ್ಲ. ಹೆಂಡತಿ, ಎಂಟು ತಿಂಗಳ ಮಗು. "ಮಳೆಗಾಲ ಇಲ್ಲೇ ಇರ್ತೀವಿ ಅಣ್ಣ, ಮನೆ ನೋಡ್ಕೋತೀವಿ" ಅಂದ. ಖಾಲಿ ಮನೆಗಿಂತ ಜನ ಇದ್ರೆ ಒಳ್ಳೇದು, ಒಲೆ ಹೊಗೆಗೆ ಜಂತಿಯೂ ಉಳಿಯುತ್ತೆ ಅಂತ ನಾನು ಹೂಂ ಅಂದೆ. ನಮ್ಮನೆಯವಳು ಒಪ್ಪಲಿಲ್ಲ. "ಧರೆ ಬುಡದಲ್ಲಿ ಕೂಸು ಮಲಗಿಸ್ತೀರಾ? ನಮ್ಮ ಮೊಮ್ಮಗು ಆಗಿದ್ರೆ ಮಲಗಿಸ್ತಿದ್ರಾ?" ಅಂದಳು. ಜಗಳವೇ ಆಯ್ತು. ಕೊನೆಗೆ ಅವರನ್ನ ನಮ್ಮನೆ ಪಕ್ಕದ ಕೊಟ್ಟಿಗೆ ಅಟ್ಟದ ಕೋಣೆಗೆ ಕರ್ಕೊಂಡು ಬಂದ್ವಿ.

ಪುನರ್ವಸು ಮಳೆ ಬಿಡದೆ ಹೊಯ್ತು. ಮೂರನೇ ದಿನ ಬೆಳಿಗ್ಗೆ ತೋಟಕ್ಕೆ ಹೋದ್ರೆ ಮನೆ ಹಿಂದಿನ ಗೋಡೆ ಇಲ್ಲ. ಧರೆ ಮಣ್ಣು ಒಳಗೆ ಬಂದು ಅಡುಗೆ ಕೋಣೆ ತುಂಬಿತ್ತು. ಚಾಪೆ ಹಾಸ್ತಿದ್ದ ಮೂಲೆಯಲ್ಲಿ ಎದೆಮಟ್ಟ ಮಣ್ಣು. ಆ ಹುಡುಗ ನನ್ನ ಜೊತೆಗೇ ಬಂದಿದ್ದ. ಅವನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ.

ವಿಮೆಯವರಿಗೆ ಅವತ್ತೇ ತಿಳಿಸಿದ್ವಿ. ಸರ್ವೇಯರ್ ಬಂದ್ರು. ಒಳ್ಳೆ ಮನುಷ್ಯ, ಎಲ್ಲ ಅಳತೆ ತಗೊಂಡ್ರು. ಆಮೇಲೆ ಉಳಿದ ಧರೆ ಹತ್ರ ಹೋಗಿ ನಿಂತ್ರು. ಜೆಸಿಬಿ ಹಲ್ಲಿನ ಗೀರು ಇನ್ನೂ ಹಾಗೇ ಇತ್ತು. "ಯಜಮಾನ್ರೇ, ಇದು ಯಾವಾಗ ಕಡಿಸಿದ್ದು?" ಅಂದ್ರು. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಪಾಲಿಸಿಯಲ್ಲಿ ಭೂಕುಸಿತ ಇದೆ, ಆದರೆ ನೆಲ ಅಗೆದು ಕಡಿದ ಕೆಲಸದಿಂದ ಆದ ಕುಸಿತಕ್ಕೆ ಇಲ್ಲ ಅಂತ ಅದರಲ್ಲೇ ಬರೆದಿದೆ. ಮಗ ಓದಿ ಹೇಳಿದ. ನಾನು ಒಂದು ದಿನವೂ ಅದನ್ನ ಬಿಚ್ಚಿ ನೋಡಿರಲಿಲ್ಲ. ದುಡ್ಡು ಬರಲಿಲ್ಲ. ವಿಮಾ ಲೋಕಪಾಲರ ಕಚೇರಿ ಬೆಂಗಳೂರಲ್ಲಿದೆ, ಮೊದಲು ಕಂಪನಿಗೆ ದೂರು ಕೊಟ್ಟು ಆಮೇಲೆ ಅಲ್ಲಿಗೆ ಹೋಗಬಹುದು, ಖರ್ಚಿಲ್ಲ ಅಂದ ಮಗ. ನಿಮಗೆ ನ್ಯಾಯವಾಗಿ ಬರಬೇಕಾದ್ದು ಬರದಿದ್ರೆ ಹೋಗಿ. ನಾನು ಹೋಗಿ ಏನಂತ ಹೇಳಲಿ? ಕಡಿಸಿದ್ದು ನಾನೇ.

ಈ ವರ್ಷ ಏನು ಮಾಡಿದೆ ಅಂತ ಹೇಳ್ತೀನಿ.

ಮೊದಲು ಧರೆ. ತಲೆ ಮೇಲಿನ ಚರಂಡಿ ಬಿಡಿಸಿ, ನೀರು ಮನೆ ಬದಿಗೆ ತಿರುಗದೆ ಹಳ್ಳಕ್ಕೆ ಹೋಗೋ ಹಾಗೆ ಮಾಡಿದೆ. ನೇರ ಇದ್ದದ್ದನ್ನ ಎರಡು ಮೆಟ್ಟಿಲಾಗಿ ಇಳಿಸಿ ಲಾವಂಚ ನೆಟ್ಟೆ, ಅದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತೆ. ಧರೆ ಅಂಚಿನಲ್ಲಿ ವಾಲಿದ್ದ ಮರದ ಕೊಂಬೆ ಇಳಿಸಿದೆ, ಬುಡ ಕೀಳಲಿಲ್ಲ.

ಆಮೇಲೆ ಮನೆ. ಹಿಂದಿನ ಗೋಡೆ ಕಲ್ಲಲ್ಲಿ ಎಬ್ಬಿಸಿದ್ದಾಯ್ತು. ಹೆಂಚು ತೆಗೆದು ಕಸ ಗುಡಿಸಿ, ಒಡೆದದ್ದು ಬದಲಿಸಿ, ಲಡ್ಡಾದ ರೀಪು ತೆಗೆಸಿದೆ. ಮಳೆ ಹೊಡೆಯೋ ಬದಿಯ ಮಣ್ಣಿನ ಗೋಡೆಗೆ ಸೋಗೆ ತಟ್ಟಿ ಕಟ್ಟಿದೆ. ಹಂಡೆ, ಕಾಳುಮೆಣಸಿನ ಚೀಲ, ಸಿಲಿಂಡರ್ ಎಲ್ಲ ಊರ ಮನೆಗೆ ಬಂತು. ಮೇನ್ ಸ್ವಿಚ್ ಇಳಿಸಿದೆ.

ಆಮೇಲೆ ಕಾಗದ. ಮನೆ ಬೆಲೆ ಅಂದ್ರೆ ಮತ್ತೆ ಕಟ್ಟೋಕೆ ಎಷ್ಟು ಬೇಕೋ ಅಷ್ಟು, ನೆಲದ ಬೆಲೆ ಸೇರೋದಿಲ್ಲ. ಸೋಗೆ ಹೊದಿಸಿದ ಚಪ್ಪರ ಕಚ್ಚಾ ಅಂತ ಆಗುತ್ತೆ, ಅದನ್ನ ಮನೆ ಲೆಕ್ಕಕ್ಕೆ ಹಿಡಿದುಕೊಂಡು ನೆಮ್ಮದಿಯಾಗಿ ಇರಬೇಡಿ. ತಿಂಗಳುಗಟ್ಟಲೆ ಬೀಗ ಹಾಕಿರೋ ಮನೆ ಅಂತ ಕಂಪನಿಗೆ ಬರೆದು ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಯಾವ ಊರ ಯಾವ ಮನೆ ಅನ್ನೋದು ಪಾಲಿಸಿಯಲ್ಲಿ ಸರಿ ಇದೆಯಾ ನೋಡಿ. ಬೀಗ ಹಾಕೋ ದಿನ ನಾಲ್ಕೂ ಗೋಡೆ, ಮಾಡು, ಧರೆ ಎಲ್ಲದರ ಫೋಟೋ ತೆಗೆದು ಮಗನಿಗೋ ಮಗಳಿಗೋ ಕಳಿಸಿಡಿ. ಗೋಡೆ ಬಿದ್ರೆ ಮಣ್ಣು ಎತ್ತೋಕೆ ಮೊದಲು ಫೋಟೋ ತೆಗೆದು ತಿಳಿಸಿ. ಪಂಚಾಯ್ತಿಗೂ, ಗ್ರಾಮ ಆಡಳಿತಾಧಿಕಾರಿಗೂ ಹೇಳಿ.

ಕೊನೇದು, ಬರೆಯೋಕೆ ಕೂತದ್ದೇ ಇದಕ್ಕೆ. ಮಳೆಗಾಲದಲ್ಲಿ ಧರೆ ಬುಡದ ಮನೇಲಿ ಯಾರನ್ನೂ ಮಲಗಿಸಬೇಡಿ. ಬಾಡಿಗೆ ಉಳೀತದೆ ಅಂತ ಅವರೇ ಕೇಳಿದ್ರೂ ಬೇಡ ಅನ್ನಿ. ಬೇರೆ ಕಡೆ ಒಂದು ಕೋಣೆ ಮಾಡಿಕೊಡಿ. ಗೋಡೆ ಹೋಯ್ತು, ಸಾಲ ಮಾಡಿ ಕಟ್ಟಿದೆ, ತೀರುತ್ತೆ. ಅವತ್ತು ನನ್ನ ಮಾತೇ ನಡೆದಿದ್ರೆ ಯಾವ ಪಾಲಿಸಿ ಬಿಚ್ಚಿ ನೋಡಿ ಏನಾಗ್ತಿತ್ತು?

ಮಗುಗೆ ಈಗ ಒಂದೂವರೆ ವರ್ಷ. ನಮ್ಮ ಜಗಲಿ ಮೇಲೆ ಓಡಾಡ್ತಿದೆ. ನಾಳೆ ಬೀಗ ಹಾಕೋಕೆ ಹೋಗ್ತೀನಿ, ನಮ್ಮನೆಯವಳೂ ಬರ್ತಾಳೆ. ಧರೆ ನೋಡಿ ಅವಳು ಸರಿ ಅಂದ ಮೇಲೇ ಬೀಗ.