ಅಟ್ಟದಿಂದ ಇಳಿದ ಕಂಪ್ಯೂಟರು

ಕಂಪ್ಯೂಟರು ಕೆಟ್ಟು ಅಟ್ಟ ಸೇರುವುದು ಒಂದು ಬಗೆ. ಕೀಲಿಮಣೆ, ಪರದೆ, ಪ್ರೊಸೆಸರ್ ಎಲ್ಲ ನೆಟ್ಟಗಿದ್ದೂ ಅಟ್ಟ ಸೇರುವುದು ಇನ್ನೊಂದು ಬಗೆ. ಈ ಎರಡನೆಯದನ್ನು ಕಂಡರೆ ನನಗೆ ಮೊದಲಿನಿಂದಲೂ ಸಂಕಟ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ಅದು ಇನ್ನಷ್ಟು ಹೆಚ್ಚಿದೆ. ಬೇಕಾದವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುವ ದಾರಿಯನ್ನೇನೋ ಇಟ್ಟಿದ್ದಾರೆ. ಆಮೇಲೆ ವಿಂಡೋಸ್ 11ಕ್ಕೆ ಹೋಗಬೇಕು. ಅದಕ್ಕೋ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ಜನರೇಷನ್ ಅಥವಾ ಅದರ ನಂತರದ್ದೇ ಆಗಬೇಕು. ಎಂಟನೇ ಜನರೇಷನ್ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಮುಂಚಿನದನ್ನು ಕೊಂಡವರ ಯಂತ್ರ ಇಂದಿಗೂ ಚೆನ್ನಾಗಿ ಓಡುತ್ತಿರಬಹುದು, ಆದರೆ ವಿಂಡೋಸ್ 11ರ ಪಟ್ಟಿಯಲ್ಲಿ ಅದರ ಹೆಸರಿಲ್ಲ. ತೊಲೆ, ಜಂತೆ ಗಟ್ಟಿಯಿರುವ ಮನೆಯನ್ನು ಹೆಂಚು ಹಳೆಯದಾಯಿತೆಂದು ಕೆಡವಿದ ಹಾಗೆ ಇದು.

ಹೆಂಚು ಬದಲಿಸುವ ಕೆಲಸ ಅಂದುಕೊಂಡಷ್ಟು ಕಷ್ಟದ್ದಲ್ಲ. ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಬರೆದುಕೊಂಡು, ಅದರಿಂದಲೇ ಬೂಟ್ ಮಾಡಿ ನೋಡಬಹುದು. ಹಾರ್ಡ್‌ಡಿಸ್ಕ್‌ನಲ್ಲಿರುವ ಒಂದು ಫೈಲನ್ನೂ ಮುಟ್ಟದೆ ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ ಎಂದು ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಮಿಂಟ್‌ನಲ್ಲಿ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್ ಇರುವ ಆವೃತ್ತಿಯಿದೆ. 4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ಗೆ ನಾನು ಸೂಚಿಸುವುದು ಅದನ್ನೇ.

ಆದರೆ ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಲ್ಯಾಪ್‌ಟಾಪ್ ತೆವಳುವುದಕ್ಕೆ ಹೆಚ್ಚಿನ ಸಲ ಕಾರಣ ಒಳಗೆ ತಿರುಗುವ ಹಾರ್ಡ್‌ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಕೂರಿಸದೆ ಬರೀ ಆಪರೇಟಿಂಗ್ ಸಿಸ್ಟಂ ಬದಲಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಇದಕ್ಕೆ ಬೇಕಾದದ್ದೆಲ್ಲ ಒಂದೇ ಬೀದಿಯಲ್ಲಿ ಸಿಗುತ್ತದೆ. ಕಂಪನಿಗಳು ನಾಲ್ಕಾರು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಅಲ್ಲಿ ಸಾಲುಸಾಲಾಗಿ ಕೂತಿರುತ್ತವೆ. ನಾನಂತೂ ಅವುಗಳ ಅಭಿಮಾನಿ. ಒಂದು ಸ್ಕ್ರೂಡ್ರೈವರ್ ಇದ್ದರೆ ತಳ ಬಿಚ್ಚಬಹುದು, ಮೆಮೊರಿ ಕಡ್ಡಿ ಬದಲಿಸಬಹುದು, ಬ್ಯಾಟರಿ ತೆಗೆಯಬಹುದು. ಈಚಿನ ತೆಳ್ಳನೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಬಿಚ್ಚಿ ನೋಡಲು ಬಿಡುವ ಯಂತ್ರವನ್ನು ಕಂಡರೆ ನನಗೆ ಗೌರವ ಹುಟ್ಟುತ್ತದೆ.

ನಿವೃತ್ತ ಮೇಷ್ಟರಾದ ನಮ್ಮ ಚಿಕ್ಕಪ್ಪನವರ ಲ್ಯಾಪ್‌ಟಾಪ್‌ಗೆ ಹೀಗೆ ಮಿಂಟ್ ಹಾಕಿಕೊಟ್ಟಾಗ ಅವರು ವೇಗದ ಬಗ್ಗೆ ಕೇಳಲಿಲ್ಲ, ವೈರಸ್ ಬಗ್ಗೆಯೂ ಕೇಳಲಿಲ್ಲ. "ಇದರಲ್ಲಿ ಕನ್ನಡ ಟೈಪ್ ಮಾಡೋಕೆ ಬರುತ್ತೇನೋ? ನನ್ನ ಕೈಗೆ ನುಡಿ ಸಾಫ್ಟ್‌ವೇರಿನ ಕೀಲಿಗಳೇ ಕೂತುಬಿಟ್ಟಿವೆ," ಅಂದರು. "ಅದೇ ಕೀಲಿಗಳೇ ಚಿಕ್ಕಪ್ಪ, ಕೂತು ನೋಡಿ," ಅಂದೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆ ಈಗ ಲಿನಕ್ಸ್‌ನೊಳಗೇ ಬರುತ್ತದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರಾಯಿತು, ಬೇರೇನೂ ತಂದು ಹಾಕಬೇಕಿಲ್ಲ. ಗುಬ್ಬಿ, ನವಿಲು ಎಂಬ ಹೆಸರಿನ ಕನ್ನಡ ಫಾಂಟ್‌ಗಳೂ ಡೆಬಿಯನ್ ಎಂಬ ಲಿನಕ್ಸ್‌ನ ಭಂಡಾರದಲ್ಲಿವೆ. ಚಿಕ್ಕಪ್ಪ ಒಂದು ಪ್ಯಾರಾ ಟೈಪ್ ಮಾಡಿ, ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಬಂತೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕಾಫಿ ಲೋಟಕ್ಕೆ ಕೈಹಾಕಿದ್ದು.

ತೊಡಕು ಬಂದದ್ದು ಅವರ ಹಳೆಯ ಬರಹಗಳಲ್ಲಿ. ಯುನಿಕೋಡ್‌ಗಿಂತ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಲಿಬ್ರೆಆಫೀಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಲಿಪಿಯಾಗಿ ಕಾಣುತ್ತವೆ. ಇದು ಲಿನಕ್ಸ್ ತಂದ ತೊಂದರೆಯಲ್ಲ, ಆ ಫಾಂಟ್ ಇಲ್ಲದ ಯಾವ ಕಂಪ್ಯೂಟರಿನಲ್ಲಾದರೂ ಹೀಗೆಯೇ. ಪರಿವರ್ತಕಗಳಿವೆ, ಒಂದೊಂದಾಗಿ ಯುನಿಕೋಡ್‌ಗೆ ತಿರುಗಿಸಿ, ತಪ್ಪು ತಿದ್ದಿ ಇಡಬೇಕು. ಬೇಸರದ ಕೆಲಸವೇ. ಆದರೂ ಕನ್ನಡದಲ್ಲಿ ಬರೆಯುವ ಪ್ರತಿಯೊಬ್ಬರೂ ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಇದನ್ನು ಮುಗಿಸಿಕೊಳ್ಳಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಎಲ್ಲರಿಗೂ ಲಿನಕ್ಸ್ ಹಾಕಿಕೊಳ್ಳಿ ಎಂದೇನೂ ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ದಿನದ ಲೆಕ್ಕ ಬರೆಯುವ ಅಂಗಡಿಯವರಿಗೆ, ಪೇಜ್‌ಮೇಕರ್ ಬಿಟ್ಟರೆ ಬೇರೆ ಗೊತ್ತಿಲ್ಲದ ಡಿಟಿಪಿಯವರಿಗೆ ಅದು ಕಿರಿಕಿರಿಯೇ. ಕಡಿಮೆ ಬೆಲೆಯ ಕೆಲವು ಲೇಸರ್ ಪ್ರಿಂಟರ್‌ಗಳೂ ಹಟ ಹಿಡಿಯುತ್ತವೆ. ಓದು, ಬರಹ, ಇಮೇಲ್, ವಿಡಿಯೊ, ಮಕ್ಕಳ ಪಾಠ ಇಷ್ಟೇ ಇರುವ ಮನೆಗೆ ಮಾತ್ರ ಧಾರಾಳವಾಗಿ ಸಾಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ 64 ಬಿಟ್ ಯಂತ್ರಗಳ ಮಾತು. 32 ಬಿಟ್‌ನವುಗಳ ಕಥೆಯೇ ಬೇರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆಯಲು ತೊಡಗಿದ್ದು ಇಂಟೆಲ್ 386ರ ಮೇಲೆ. ಅದೇ 386ರ ಬೆಂಬಲವನ್ನು 2012ರ ಕೊನೆಯಲ್ಲಿ ಲಿನಕ್ಸ್‌ನಿಂದ ತೆಗೆದರು. ಹುಟ್ಟಿದ ಮನೆಯನ್ನೇ ಬಿಟ್ಟು ಬಂದಂತಾಯಿತಲ್ಲ ಎಂದು ನನಗೆ ಮೊದಲು ಬೇಸರವಾಗಿತ್ತು. ಯೋಚಿಸಿದಾಗ ಅದು ನ್ಯಾಯವೆಂದೇ ಕಂಡಿತು: ಅಷ್ಟು ಹೊತ್ತಿಗೆ ಇಪ್ಪತ್ತೇಳು ವರ್ಷದ ಹಿಂದಿನ ಆ ಚಿಪ್‌ಗಾಗಿ ಉಳಿದೆಲ್ಲ ಕೋಡ್ ತಿಣುಕಬೇಕಿತ್ತು. ಮೇಲಾಗಿ ಇಲ್ಲಿ ಯಾವುದೂ ಬೀಗ ಹಾಕಿದ ಕೋಣೆಯಲ್ಲಿ ತೀರ್ಮಾನವಾಗುವುದಿಲ್ಲ. ಕೋಡ್ ಎಲ್ಲರ ಮುಂದೆ ಬಿಚ್ಚಿಟ್ಟಿರುತ್ತದೆ, ಬೇಕೆನ್ನುವವರು ಉಳಿಸಿಕೊಳ್ಳಬಹುದು.

ಉಳಿಸಿಕೊಂಡವರೂ ಇದ್ದಾರೆ. 2006ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಬಂದ ಇಂಟೆಲ್ ಗ್ರಾಫಿಕ್ಸ್‌ಗೆಂದು ಡೇವ್ ಏರ್ಲಿ ಎಂಬ ಎಂಜಿನಿಯರ್ 2021ರಲ್ಲಿ ಹೊಸ ಡ್ರೈವರ್ ಬರೆದು ಮುಗಿಸಿದರು, ಹೆಸರು ಕ್ರೋಕಸ್. ಯಾರೂ ಮಾರದ, ಯಾರೂ ಜಾಹೀರಾತು ಕೊಡದ ಚಿಪ್‌ಗೆ ಹದಿನೈದು ವರ್ಷದ ನಂತರ ಹೊಸ ಡ್ರೈವರ್! ಈ ಸುದ್ದಿ ಓದಿದ ದಿನ ನಾನು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಕೋಡ್ ಬಿಚ್ಚಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಿಓಎಸ್ ಎಂಬ ಆಪರೇಟಿಂಗ್ ಸಿಸ್ಟಂನ ಕಥೆ ನೋಡಿ. ಆ್ಯಪಲ್ ಬಿಟ್ಟು ಬಂದ ಝಾನ್ ಲೂಯಿ ಗಾಸೆ 1990ರಲ್ಲಿ ಬಿ ಎಂಬ ಕಂಪನಿ ಕಟ್ಟಿದರು. 1996ರಲ್ಲಿ ಆ್ಯಪಲ್ ಅದನ್ನು ಕೊಳ್ಳುವ ಮಾತುಕತೆ ನಡೆಸಿ, ಕೊನೆಗೆ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಅನ್ನು ಕೊಂಡಿತು. 2001ರಲ್ಲಿ ಬಿ ಕಂಪನಿಯ ಆಸ್ತಿಯೆಲ್ಲ ಪಾಮ್ ಪಾಲಾಯಿತು, ಕೋಡ್ ಅದರೊಂದಿಗೆ ಹೋಯಿತು. ಅಭಿಮಾನಿಗಳು ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಮೊದಲ ಸಾಲಿನಿಂದ ಮತ್ತೆ ಬರೆಯಲು ತೊಡಗಿದರು. ಅದಕ್ಕೆ 2004ರಲ್ಲಿ ಹೈಕು ಎಂದು ಹೆಸರಾಯಿತು. ಐದನೇ ಬೀಟಾ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಎರಡು ದಶಕ ಕಳೆದರೂ ಬೀಟಾ ಎಂದು ಮೂಗು ಮುರಿಯುವವರಿದ್ದಾರೆ. ಅವರು ಒಮ್ಮೆ 1 ಜಿಬಿ ಮೆಮೊರಿಯ ಹಳೆಯ ಯಂತ್ರದಲ್ಲಿ ಅದನ್ನು ಓಡಿಸಿ ನೋಡಲಿ. ಹಳದಿ ಪಟ್ಟಿಯ ಪುಟ್ಟ ವಿಂಡೋಗಳು ಬೆರಳು ತಾಗಿದ್ದೇ ತಡ ತೆರೆದುಕೊಳ್ಳುತ್ತವೆ.

ಹೈಕುವೂ ಹಿಂಜರಿಯುವುದು ಬ್ರೌಸರ್ ಮುಂದೆ. ಹಳೆಯ ಕಂಪ್ಯೂಟರಿಗೆ ಇಂದು ದೊಡ್ಡ ಹೊರೆ ಆಪರೇಟಿಂಗ್ ಸಿಸ್ಟಂ ಅಲ್ಲ, ಬ್ರೌಸರು. 32 ಬಿಟ್ ಲಿನಕ್ಸ್‌ಗೆ ಕ್ರೋಮ್ 2016ರಲ್ಲೇ ನಿಂತಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ರೇ ಇಲ್ಲ. ನನ್ನ ಮೇಜಿನ ಮೇಲಿರುವ ಆ್ಯಟಮ್ ಪ್ರೊಸೆಸರಿನ ನೆಟ್‌ಬುಕ್ ಅದೇ ಜಾತಿಯದು. ಅದರಲ್ಲಿ ಈಗ ಡೆಬಿಯನ್ 12 ಇದೆ. ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೂ ಇದೆ. ಅದರಲ್ಲಿ ನಾನು ಇಂಟರ್ನೆಟ್ ನೋಡುವುದಿಲ್ಲ. ಬರೆಯುತ್ತೇನೆ, ಹಾಡು ಕೇಳುತ್ತೇನೆ. ಆ ಜೂನ್ ಕಳೆದ ಮೇಲೆ ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕುವ ಯೋಚನೆಯಿದೆ. ಅದನ್ನು ರೂಪಿಸುವವರು 32 ಬಿಟ್ ಪಿಸಿಯನ್ನು ಇನ್ನೂ ಮೊದಲ ಸಾಲಿನಲ್ಲೇ ಕೂರಿಸಿದ್ದಾರೆ. ನನ್ನ ನೆಟ್‌ಬುಕ್‌ನ ವೈಫೈ ಚಿಪ್‌ಗೆ ಅದರಲ್ಲಿ ಡ್ರೈವರ್ ಇದೆಯೇ ಎಂದು ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಬೇಕು.