ಕುರಿಚಿಯ ಕನ್ನಡ ಮನೆಗಳಿಗೆ ಒಂದು ಕಿಟಕಿ

ಕೊಯಮತ್ತೂರಿನ ಉಕ್ಕಡಂನಿಂದ ಪೊಳ್ಳಾಚಿ ರಸ್ತೆ ಹಿಡಿದು ನೊಯ್ಯಲ್ ಹೊಳೆ ದಾಟಿದರೆ ಕುರಿಚಿ. ಹಿಂದೆ ಬೇರೆ ಪಟ್ಟಣವಾಗಿದ್ದ ಈ ಊರು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿತು. ಒಂದು ಕಡೆ ಸಿಡ್ಕೋ ಕೈಗಾರಿಕಾ ವಸಾಹತು, ಇನ್ನೊಂದು ಕಡೆ ವಿಶಾಲವಾದ ಕೆರೆ. ಕೆರೆಯ ಬಳಿ ತಮಿಳು ಅಕ್ಷರಗಳನ್ನೇ ಜೋಡಿಸಿ ಮಾಡಿದ ತಿರುವಳ್ಳುವರ ಪ್ರತಿಮೆಯಿದೆ. ತಮ್ಮ ನುಡಿಯ ಮೇಲೆ ಆ ಜನರಿಗಿರುವ ಪ್ರೀತಿ ಕಂಡು ನಮಗೆ ಸಂತೋಷವಾಯಿತು. ಜೊತೆಗೆ ಈ ಸೀಮೆಯ ಕನ್ನಡ ಮನೆಗಳ ನೆನಪೂ ಬಂತು.

ಕನ್ನಡ ಇಲ್ಲಿಗೆ ಹೊಸದಲ್ಲ. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕನ್ನಡ ಮನೆಮಾತಿನ ದೇವಾಂಗ ನೇಕಾರರು ಈ ಭಾಗದಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಅಜ್ಜಿಯ ಬಾಯಲ್ಲಿ ಮಗ್ಗ, ಲಾಳಿ, ಹಾಸು, ಹೊಕ್ಕು ಎಂಬ ಮಾತುಗಳು ಇನ್ನೂ ಇವೆ. ಮೊಮ್ಮಗಳಿಗೆ ಅವು ಅರ್ಥವಾಗುತ್ತವೆ, ಆದರೆ ಬರೆಯಲು ಬಾರದು. ಶಾಲೆಯ ಓದೆಲ್ಲ ತಮಿಳು ಅಥವಾ ಇಂಗ್ಲಿಷಿನಲ್ಲಿ. ತಮಿಳು ಕಲಿಯುವುದು ಒಳ್ಳೆಯದೇ. ಅದು ಅನ್ನ ಕೊಡುವ ನೆಲದ ಭಾಷೆ. ಆದರೆ ಅಜ್ಜಿಯ ನಂತರ ಕನ್ನಡ ಆ ಮನೆಯಲ್ಲಿ ಉಳಿದೀತೇ?

ಇಲ್ಲಿ ಸಾರ್ವಜನಿಕ ಗ್ರಂಥಾಲಯ ನೆರವಿಗೆ ಬರಬಲ್ಲದು. ತಮಿಳುನಾಡಿನ ಗ್ರಂಥಾಲಯ ವ್ಯವಸ್ಥೆ ಹಳೆಯದು. ಮದ್ರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1948ರಲ್ಲಿ. ಅದರ ಹಿಂದೆ ದುಡಿದವರು ಶೀರ್ಕಾಳಿಯಲ್ಲಿ ಹುಟ್ಟಿ, 1972ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಎಸ್. ಆರ್. ರಂಗನಾಥನ್. ಗ್ರಂಥಾಲಯವು ಕಾಲಕ್ಕೆ ತಕ್ಕಂತೆ ಬೆಳೆಯುತ್ತಿರಬೇಕೆಂದು ಅವರು 1931ರಲ್ಲೇ ಬರೆದಿದ್ದರು. ಇಂದು ಆ ಬೆಳವಣಿಗೆಯ ರೂಪ ವೈ-ಫೈ. ರಾಜ್ಯದ ಹಲವು ಗ್ರಂಥಾಲಯಗಳಲ್ಲಿ ಈಗ ಅದು ಉಚಿತ. ಇದನ್ನು ಯಾರ ದಾನವೆಂದೂ ತಿಳಿಯಬೇಕಿಲ್ಲ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಜನರೇ ಕಟ್ಟುತ್ತಾರೆ.

ತಮಿಳುನಾಡಿನ ಗ್ರಂಥಾಲಯದ ಕಪಾಟಿನಲ್ಲಿ ಕನ್ನಡ ಪುಸ್ತಕ ಸಿಗದಿದ್ದರೆ ಅಚ್ಚರಿಯಿಲ್ಲ. ಆದರೆ ಅದೇ ಮೇಜಿನ ಮುಂದೆ ಕುಳಿತು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ತೆರೆಯಬಹುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ಪುಟಪುಟವಾಗಿ ನೋಡಬಹುದು. ಅಜ್ಜಿ ಆಡಿದ ಒಂದು ಮಾತನ್ನು ಮೊಮ್ಮಗಳು ಅಲ್ಲಿ ಹುಡುಕಿದರೆ, ಮೊದಲ ಕನ್ನಡ ಪಾಠ ಶುರುವಾದಂತೆ.

ಇದಕ್ಕೊಂದು ಸಣ್ಣ ಅಡ್ಡಿಯುಂಟು. ಇಂಥ ಕಡೆ ವೈ-ಫೈ ಸೇರುವಾಗ ಸಾಮಾನ್ಯವಾಗಿ ಮೊಬೈಲ್ ಸಂಖ್ಯೆ ಕೇಳುತ್ತದೆ. ಅದಕ್ಕೆ ಬರುವ ಓಟಿಪಿ ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಮನೆಯ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿ ಕಾರ್ಖಾನೆಗೆ ಹೋಗಿದ್ದರೆ ಮಗು ಏನು ಮಾಡೀತು? ಆದ್ದರಿಂದ ರಜೆಯ ದಿನ ದೊಡ್ಡವರೊಬ್ಬರು ಜೊತೆಗೆ ಹೋಗುವುದೇ ಸರಿ. ಮಗು ಏನು ನೋಡುತ್ತಿದೆ ಎಂಬ ಚಿಂತೆಯೂ ತಪ್ಪುತ್ತದೆ.

ಇನ್ನೂ ಕೆಲವು ಮಾತು ನೆನಪಿರಲಿ. ವೈ-ಫೈಯ ಸರಿಯಾದ ಹೆಸರನ್ನು ಗ್ರಂಥಪಾಲಕರಿಂದಲೇ ಕೇಳಿ ತಿಳಿಯಿರಿ. ಅದೇ ಹೆಸರಿನಂತೆ ಕಾಣುವ ಮೋಸದ ಜಾಲವೂ ಇರಬಹುದು. ಬ್ಯಾಂಕಿನ ವ್ಯವಹಾರ ಅಲ್ಲಿ ಬೇಡ. ಗ್ರಂಥಾಲಯದ ಕಂಪ್ಯೂಟರ್ ಬಳಸಿದರೆ ಏಳುವ ಮೊದಲು ಲಾಗೌಟ್ ಮಾಡಿ. ಹಾಡು, ವಿಡಿಯೋ ಹಾಕುವಾಗ ಕಿವಿಗೆ ಇಯರ್‌ಫೋನ್ ಇರಲಿ. ಪಕ್ಕದಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ.

ಪ್ರಿಯ ಓದುಗರೇ, ಕೊಯಮತ್ತೂರು, ತಿರುಪ್ಪೂರು, ಹೊಸೂರು ಕಡೆ ನಿಮ್ಮ ಬಂಧುಗಳಿರಬಹುದು. ಮುಂದಿನ ಸಲ ಫೋನ್ ಮಾಡಿದಾಗ, ಹತ್ತಿರದ ಗ್ರಂಥಾಲಯದಲ್ಲಿ ವೈ-ಫೈ ಇದೆಯೇ ಎಂದು ವಿಚಾರಿಸಲು ಹೇಳಿ. ಅಲ್ಲಿನ ಮಗುವಿಗೆ ವಾರಕ್ಕೆ ಎರಡೇ ಎರಡು ಕನ್ನಡ ಅಕ್ಷರ ಬರೆದು ಕಳುಹಿಸಿ. ವರ್ಷ ತುಂಬುವುದರೊಳಗೆ ಅದು ನಿಮಗೆ ಕನ್ನಡದಲ್ಲೇ ಉತ್ತರ ಬರೆದೀತು.