ಹುಳದ ವಾಸನೆಯ ಗಡ್ಡ

ನಮ್ಮ ಕಾಲದಲ್ಲಿ ಕ್ರಿಸ್‌ಮಸ್ ತಾತನನ್ನು ನೋಡಲು ಯಾರೂ ಹೋಗುತ್ತಿರಲಿಲ್ಲ. ಅವನೇ ಬರುತ್ತಿದ್ದ, ಅದೂ ಮಕ್ಕಳು ಅರ್ಧ ನಿದ್ದೆಗೆ ಜಾರಿದ ಮೇಲೆ.

ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಲಂಡನ್ ಮಿಷನ್‌ನವರ ಕಾಲದ್ದು. 1947ರಲ್ಲಿ ದಕ್ಷಿಣ ಭಾರತ ಸಭೆ ಆದಮೇಲೂ ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆಯೇ. ದೊಡ್ಡಮ್ಮ ಅದರ ಹತ್ತಿರವೇ ಇದ್ದರು. ಡಿಸೆಂಬರಿನಲ್ಲಿ ನಾನು, ತಂಗಿ ಶಿಡ್ಲಘಟ್ಟದಿಂದ ಪುಟ್ಟ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು. ಎರಡೂವರೆ ಅಡಿ ಅಗಲದ ಹಳಿ, ಸೈಕಲ್ಲಿನವನೂ ಹಿಂದೆ ಹಾಕುವಂಥ ಓಟ.

ನಾವು ಕ್ರೈಸ್ತರಲ್ಲ. ಆದರೂ ಕ್ಯಾರಲ್ಸ್ ತಂಡ ಆ ಬೀದಿಯ ಒಂದು ಬಾಗಿಲನ್ನೂ ಬಿಡುತ್ತಿರಲಿಲ್ಲ. ಮುಂದೆ ಗ್ಯಾಸ್‌ಲೈಟ್ ಹೊತ್ತವನು, ಹಿಂದೆ ಗಿಟಾರು, ಡೋಲಕ್ಕು, ಎಲ್ಲರ ತಲೆಗೂ ಮಫ್ಲರ್. ಕೊನೆಗೆ ತಾತ. ಸ್ಯಾಟಿನ್ ನಿಲುವಂಗಿ, ತೋಟದ ಗಂಬೂಟು, ಹೆಗಲ ಮೇಲೆ ರಾಗಿ ಚೀಲ. ಅದರೊಳಗೆ ಪೆಪ್ಪರ್‌ಮಿಂಟು. ಕೈಕುಲುಕಿ, ಕುಣಿದು, ತಲೆಗೆರಡರಂತೆ ಕೊಡುತ್ತಿದ್ದ.

ಗಡ್ಡ ಮೊದಲು ಹತ್ತಿಯದಿತ್ತು. ನಂದಿಯ ಕಡೆಯಿಂದ ಇಳಿಯುವ ಮಂಜಿಗೆ ಹತ್ತು ಮನೆ ದಾಟುವಷ್ಟರಲ್ಲಿ ತೊಯ್ದು ಜೋತುಬೀಳುತ್ತಿತ್ತು. ಅಪ್ಪ ಚರಕದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದವರು. 'ನಮ್ಮಲ್ಲಿ ವೇಸ್ಟು ರಾಶಿ ಬಿದ್ದಿರುತ್ತೆ, ತರಿಸಿಕೊಳ್ಳಿ' ಎಂದು ದೊಡ್ಡಮ್ಮನೇ ಆ ಹುಡುಗರಿಗೆ ಹೇಳಿದ್ದಂತೆ. 1976ರ ವರ್ಷ ಒಂದು ಚೀಲ ರೇಷ್ಮೆ ವೇಸ್ಟನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಹೋದೆ. ಗೂಡು ಬೇಯಿಸಿದ ನೀರಿನ ವಾಸನೆ, ಸತ್ತ ಹುಳದ ವಾಸನೆ ಅದಕ್ಕೆ. ಶಿಡ್ಲಘಟ್ಟದವರಿಗೆ ಅದು ವಾಸನೆಯೇ ಅಲ್ಲ. ಡಬ್ಬಿಯಲ್ಲಿದ್ದ ಮಿಕ್ಕವರು ಮೂಗು ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದ್ದರು. ಆ ರಾತ್ರಿ ತಾತ ಬಗ್ಗಿ ನನ್ನ ಕೈಗೆ ಪೆಪ್ಪರ್‌ಮಿಂಟು ಇಟ್ಟಾಗ ನಮ್ಮ ಹಿತ್ತಲಿನ ವಾಸನೆ ಗಪ್ಪನೆ ಬಂತು. ಯಾರಿಗೂ ಹೇಳಲಿಲ್ಲ. ತಂಗಿಗಂತೂ ಇಲ್ಲವೇ ಇಲ್ಲ.

ಇನ್ನೊಂದು ವರ್ಷ ಚಿಂತಾಮಣಿಯಿಂದ ಬಂದಿದ್ದ ಚಿಕ್ಕಪ್ಪನ ಮಗ, ಮೂರು ವರ್ಷದವನು, ತಾತನನ್ನು ಕಂಡವನೇ 'ತಾತಯ್ಯ' ಎಂದು ಕಾಲಿಗೆ ಬಿದ್ದುಬಿಟ್ಟ. ಅವರ ಮನೆಯ ಗೋಡೆ ಮೇಲೆ ಬಿಳಿ ಗಡ್ಡದ ಕೈವಾರ ತಾತಯ್ಯನ ಪಟವಿತ್ತು. ದೊಡ್ಡವರು ನಕ್ಕರು. ನನಗೆ ಈಗಲೂ ಅವನದು ತಪ್ಪೆನಿಸುವುದಿಲ್ಲ. ಆ ತಾತಯ್ಯ, ಅಂದರೆ ಯೋಗಿ ನಾರೇಯಣರು, ಬಳೆಯ ಮಲಾರ ಹೊತ್ತು ಊರೂರು ತಿರುಗಿದವರೇ ಅಲ್ಲವೇ.

ಈಗ ಕ್ರಿಸ್‌ಮಸ್ ತಾತನನ್ನು ನೋಡಲು ಮಕ್ಕಳೇ ಮಾಲಿಗೆ ಹೋಗುತ್ತಾರೆ. ಹಾಗೆ ಅವನು ಅಂಗಡಿಯಲ್ಲಿ ಕೂತದ್ದು ಹೊಸದೇನಲ್ಲ. ಅಮೆರಿಕದ ಬ್ರಾಕ್ಟನ್ ಎಂಬ ಊರಲ್ಲಿ ಜೇಮ್ಸ್ ಎಡ್ಗರ್ ಅನ್ನುವ ವರ್ತಕ 1890ರಲ್ಲೇ ಆ ವೇಷ ಹಾಕಿ ತನ್ನ ಅಂಗಡಿಯಲ್ಲಿ ಓಡಾಡಿದ, ಮಕ್ಕಳು ರೈಲು ಹತ್ತಿ ಅವನನ್ನು ನೋಡಲು ಬಂದರು. ನಮ್ಮ ಕಡೆಗೆ ಆ ಪದ್ಧತಿ ಮುಟ್ಟಲು ಬೆಂಗಳೂರಿಗೆ ಮಾಲುಗಳು ಬರಬೇಕಾಯಿತು. ಕೋರಮಂಗಲದಲ್ಲಿ ಫೋರಂ ತೆರೆದದ್ದು 2004ರಲ್ಲಿ. ಅಷ್ಟರಲ್ಲಿ ಪುಟ್ಟ ರೈಲು ನಿಂತುಹೋಗಿತ್ತು. 2013ರಲ್ಲಿ ಬ್ರಾಡ್‌ಗೇಜ್ ಬಂದರೂ ಕಾರಿದ್ದವರು ಹೈವೇ ಹಿಡಿದಾಗಿತ್ತು. ಇಲ್ಲಿಯ ಎಷ್ಟೋ ಇಂಗ್ಲಿಷ್ ಮೀಡಿಯಂ ಶಾಲೆಗಳು ಎಲ್‌ಕೆಜಿ ಮಕ್ಕಳ ಡೈರಿಯಲ್ಲಿ 'ಕೆಂಪು ಟೋಪಿ ಕಳಿಸಿ' ಎಂದು ಬರೆಯುತ್ತವೆ. ಆಮೇಲೆ ಮಗು ಮಾಲಿಗೆ ಹೋಗೋಣ ಎನ್ನದೆ ಇರುತ್ತದೆಯೇ?

2022ರಲ್ಲಿ ನಾಲ್ಕು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಹೋಗಿ ನಾನೂ ಕ್ಯೂನಲ್ಲಿ ನಿಂತೆ. ಮುಕ್ಕಾಲು ಗಂಟೆ. ಥರ್ಮೊಕೋಲಿನ ಹಿಮ, ಸಿಂಹಾಸನದಂಥ ಕುರ್ಚಿ, ಒಂದು ಮಗುವಿಗೆ ಒಂದೇ ಚಾಕ್ಲೇಟು, ಒಂದೇ ಫೋಟೊ. ನಮ್ಮ ಸರದಿ ಬಂದಾಗ ಅವಳು ನನ್ನ ಪಂಚೆ ಹಿಡಿದು 'ನೀನೇ ಹೋಗು ತಾತಾ' ಎಂದಳು. ಎತ್ತಿಕೊಂಡು ಹೋದೆ. ಅಭ್ಯಾಸಬಲ, ಮೂಗೆಳೆದೆ. ಬಾಡಿ ಸ್ಪ್ರೇ ವಾಸನೆ, ನೈಲಾನ್ ಗಡ್ಡ.

ಅವನು ಇಂಗ್ಲಿಷಿನಲ್ಲಿ ಹೆಸರು ಕೇಳಿದ. ಇವಳು ಬಾಯಿ ಬಿಡಲಿಲ್ಲ. 'ನಿಮ್ಮದು ಯಾವೂರು ಸರ್?' ಎಂದು ನನ್ನ ಕಡೆ ಮೆಲ್ಲಗೆ ತಿರುಗಿದ.

'ಶಿಡ್ಲಘಟ್ಟ.'

'ಅಯ್ಯೋ, ನಮ್ದು ಗೌರಿಬಿದನೂರು ಕಡೆ. ಅವರೆಕಾಯಿ ಬಂತಾ ಸರ್?'

'ಬಂತಪ್ಪ. ಈ ಸಲ ಸೊಗಡು ಚೆನ್ನಾಗಿದೆ.'

ಕ್ಯಾಮೆರಾದ ಹುಡುಗ 'ನೆಕ್ಸ್ಟ್' ಎಂದ. ತಾತ ಇವಳ ಕೈಗೆ ಎರಡು ಚಾಕ್ಲೇಟು ತುರುಕಿ, ಗಡ್ಡ ಸರಿಮಾಡಿಕೊಂಡು, ಹೋ ಹೋ ಎಂದ.